ಫ್ಲ್ಯಾಶ್ ಹಿಂದಿನ ಮೇಷ್ಟ್ರು ಎಡ್ಜರ್ಟನ್

ಫಿಲ್ಮ್ ಕ್ಯಾಮೆರಾಕ್ಕೆ ಆಟೋ ಫ್ಲ್ಯಾಶ್ ಸಿಕ್ಕಿಸಿದವರಿಗೂ ಹೆರಾಲ್ಡ್ ಎಡ್ಜರ್ಟನ್ ಹೆಸರು ಗೊತ್ತಿರಲಿಕ್ಕಿಲ್ಲ. 1903ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಜನಿಸಿದ ಈ ಎಂಜಿನಿಯರ್‌ಗೆ ಎಂಐಟಿಯಲ್ಲಿ ಮೋಟಾರ್ ಅಧ್ಯಯನ ಮಾಡುವಾಗ, ಮಿನುಗುವ ಬೆಳಕಿನಲ್ಲಿ ತಿರುಗುವ ಭಾಗ ನಿಂತಂತೆ ಕಂಡಿತು. ಅಲ್ಲಿಂದ ಶುರು. ಒಮ್ಮೆ ಉರಿದರೆ ಎಸೆಯಬೇಕಿದ್ದ ಬಲ್ಬ್ ಬದಲು, ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಅನಿಲದ ಟ್ಯೂಬಿಗೆ ಹರಿಸಿ ಮತ್ತೆ ಮತ್ತೆ ಮಿಂಚಿಸುವ ಫ್ಲ್ಯಾಶ್ ರೂಪಿಸಿದರು. ಮರಳಿ ಬರುವ ಬೆಳಕನ್ನು ಸೆನ್ಸರ್ ಅಳೆದು, ಸಾಕಾದಾಗ ಮಿಂಚನ್ನು ಕತ್ತರಿಸುವ ಆಟೋ ವ್ಯವಸ್ಥೆ ಬಂದದ್ದು ಆಮೇಲೆ.

ಹಾಲಿನ ಹನಿಯ ಕಿರೀಟ, ಸೇಬು ಸೀಳುವ ಗುಂಡಿನ ಚಿತ್ರಗಳು ಲೋಕಪ್ರಸಿದ್ಧ. ಆದರೆ ಸೈನಿಕರ ಜೀವ ಪಣಕ್ಕಿದ್ದದ್ದು 1944ರಲ್ಲಿ. ನಾರ್ಮಂಡಿ ದಾಳಿಗೆ ಮುನ್ನ ಶತ್ರು ನೆಲದ ರಾತ್ರಿ ಚಿತ್ರಗಳನ್ನು ವಿಮಾನದಿಂದ ತೆಗೆದದ್ದು ಅವರ ಫ್ಲ್ಯಾಶ್ ಬೆಳಕಿನಲ್ಲೇ. ಮುಂದೆ ಕೂಸ್ಟೋ ಜತೆ ಸಮುದ್ರದಾಳಕ್ಕೂ ಕ್ಯಾಮೆರಾ ಇಳಿಸಿ, ಹಡಗಿನವರ ಬಾಯಲ್ಲಿ ಪಾಪಾ ಫ್ಲ್ಯಾಶ್ ಆದರು. 1990ರಲ್ಲಿ, 86ನೇ ವಯಸ್ಸಿನಲ್ಲಿ ಎಂಐಟಿಯಲ್ಲೇ ಕೊನೆಯುಸಿರೆಳೆದರು.