ಆಡಿದಂತೆ ಬರೆಯಲು ಹೊರಟ ವೆಬ್‌ಸ್ಟರ್

ಅಮೆರಿಕನ್ನರು ‘ಅವರ’ ಎನ್ನುವ ‘ದೇರ್’ ಬದಲು ‘ಅಲ್ಲಿ’ ಎನ್ನುವ ‘ದೇರ್’ ಬರೆದಾಗ, ಇಂಜಿನಿಯರಿಂಗ್ ಓದಿದ ನಾನು ನಗ್ತಿದ್ದೆ. ನೋವಾ ವೆಬ್‌ಸ್ಟರ್ ಬದುಕು ಓದಿದ ಮೇಲೆ ನಗು ನಿಂತಿತು.

1758ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿದ ಈ ಮೇಷ್ಟ್ರು 1783ರಲ್ಲಿ ಮಕ್ಕಳಿಗೆ ಸ್ಪೆಲ್ಲಿಂಗ್ ಪುಸ್ತಕ ತಂದರು. ಬ್ರಿಟಿಷ್ ರಾಜನಿಂದ ಬಿಡುಗಡೆಯಾದ ದೇಶಕ್ಕೆ ತನ್ನದೇ ಕಾಗುಣಿತ ಬೇಕು ಅನ್ನೋದು ಅವರ ರಾಜಕೀಯ. ಆಡಿದಂತೆ ಬರೆಯೋಣ ಅಂತ 1789ರಲ್ಲೇ ವಾದಿಸಿದರು. 1828ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ‘ಕಲರ್’ನ ‘ಯು’ ಅಮೆರಿಕದಲ್ಲಿ ಉದುರಿತು. ‘ಟಂಗ್’ಗೆ ನಾಲ್ಕೇ ಅಕ್ಷರ ಸಾಕೆಂದರೆ ಜನ ಒಪ್ಪಲಿಲ್ಲ. 1843ರಲ್ಲಿ ತೀರಿಕೊಂಡಾಗ ಕೆಲಸ ಅರ್ಧಕ್ಕೇ ನಿಂತಿತ್ತು.

ಅವರು ಇಂಗ್ಲಿಷನ್ನು ಮೊದಲು ಕಿವಿಯಿಂದ ಕಲಿತವರು. ಬರೆಯುವಾಗ ಕೈ ಕಿವಿಯ ಮಾತು ಕೇಳುತ್ತೆ. ನಮ್ಮಲ್ಲಿ ಹೆಚ್ಚಿನವರು ಪುಸ್ತಕದಿಂದ ಕಲಿತವರು. ಸ್ಪೆಲ್ಲಿಂಗ್ ನೋಡಿ ಯಾರ ಯೋಗ್ಯತೆಯನ್ನೂ ಅಳೆಯೋದು ಬೇಡ.