ಹಕ್ಕಿಗಳತ್ತ ಬಂದೂಕು ಹಿಡಿದ ವಿಜ್ಞಾನಿ

1882ರಲ್ಲಿ ಇಟಲಿಯ ನೇಪಲ್ಸ್ ಕಡಲ ತೀರದಲ್ಲಿ ಒಬ್ಬರು ಹಾರುವ ಕಡಲಹಕ್ಕಿಗಳತ್ತ ಬಂದೂಕು ಗುರಿಯಿಟ್ಟು ಟ್ರಿಗರ್ ಒತ್ತುತ್ತಿದ್ದರು. ಒಂದು ಹಕ್ಕಿಯೂ ಬೀಳುತ್ತಿರಲಿಲ್ಲ! ಅವರು ಫ್ರಾನ್ಸಿನ ಶರೀರಶಾಸ್ತ್ರಜ್ಞ ಎಟಿಯೆನ್ ಜೂಲ್ ಮಾರೇ.

1830ರಲ್ಲಿ ಬೋನ್ ಪಟ್ಟಣದಲ್ಲಿ ಹುಟ್ಟಿದ ಮಾರೇ ಓದಿದ್ದು ವೈದ್ಯಕೀಯ. ನಾಡಿಬಡಿತವನ್ನು ಗೆರೆಯಾಗಿ ಮೂಡಿಸುವ ಸಾಧನವನ್ನು ಸುಧಾರಿಸಿದ ಅವರ ಗಮನ ಮುಂದೆ ರೆಕ್ಕೆಗಳತ್ತ ಹೊರಳಿತು. ಅವರ ಬಂದೂಕಿನಲ್ಲಿ ಗುಂಡಿರಲಿಲ್ಲ, ತಿರುಗುವ ಗಾಜಿನ ಬಿಲ್ಲೆಯಿತ್ತು. ಸೆಕೆಂಡಿಗೆ 12 ಚಿತ್ರ. ಒಂದೊಂದಕ್ಕೂ ಬೆಳಕು ಬೀಳುತ್ತಿದ್ದುದು ಸೆಕೆಂಡಿನ 720ರಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ. ಇಂದು ಕೆರೆಯಂಚಿನಲ್ಲಿ ಕೊಕ್ಕರೆಗಳ ಹಾರಾಟ ಸೆರೆಹಿಡಿಯಲು ಹೊರಟ ನಾವೂ ಶಟರ್ ವೇಗವನ್ನು ಅದರ ಆಸುಪಾಸಿನಿಂದಲೇ ಶುರುಮಾಡುತ್ತೇವೆ.

ದೋಣಿಯ ಹುಟ್ಟಿನಂತೆ ರೆಕ್ಕೆಯನ್ನು ಹಿಂದಕ್ಕೆ ತಳ್ಳಿ ಹಕ್ಕಿ ಮುಂದೆ ಸಾಗುತ್ತದೆ ಎಂದು ನಮ್ಮಲ್ಲಿ ಹಲವರು ಅಂದುಕೊಂಡಿದ್ದೇವೆ. ಅದು ಹಾಗಲ್ಲ. ಕೆಳಗೆ ಬಡಿಯುವಾಗ ರೆಕ್ಕೆ ಮುಂದಕ್ಕೂ ಚಾಚುತ್ತದೆ ಎಂಬುದನ್ನು ಮಾರೇ ತೋರಿಸಿಕೊಟ್ಟರು.

ಬಂದೂಕಿನ ಪುಟ್ಟ, ನೆರಳಿನಂಥ ಚಿತ್ರಗಳು ಅವರಿಗೆ ಸಾಲಲಿಲ್ಲ. ಪ್ಯಾರಿಸಿನ ತಮ್ಮ ಕೇಂದ್ರದಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಹಕ್ಕಿಗಳನ್ನು ಹಾರಿಸಿ, ಒಂದೇ ಗಾಜಿನ ಮೇಲೆ ಹಲವು ಭಂಗಿಗಳನ್ನು ಮೂಡಿಸಿದರು. ಹೆಜ್ಜಾರ್ಲೆಯ ಚಿತ್ರವಂತೂ ಇಂದಿಗೂ ಬೆರಗು ಹುಟ್ಟಿಸುತ್ತದೆ. 1887ರಲ್ಲಿ ಕಡಲಹಕ್ಕಿಯ ಹಾರಾಟವನ್ನು ಕಂಚಿನಲ್ಲೂ ಎರಕ ಹೊಯ್ಯಿಸಿದರು. 1890ರಲ್ಲಿ ಹಕ್ಕಿಗಳ ಹಾರಾಟದ ಬಗ್ಗೆಯೇ ಪುಸ್ತಕ ತಂದರು. 1904ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.