ರಷ್ಯದ ನಾಟ್ಯಾಚಾರ್ಯ ಸ್ಟಾನಿಸ್ಲಾವ್ಸ್ಕಿ

ಗದ್ದುಗೆಯನ್ನೇರಿದ ಮೇಲೆ ಪುನಃ ಶಿಷ್ಯನ ಮಣೆಯ ಮೇಲೆ ಕುಳಿತುಕೊಳ್ಳಲು ಒಡಂಬಡುವವರು ವಿರಳ. 43ನೆಯ ವಯಸ್ಸಿನಲ್ಲಿ, ಬರ್ಲಿನ್ ನಗರದ ಪ್ರೇಕ್ಷಕರ ಕರತಾಡನವು ಕಿವಿಯಲ್ಲಿ ಇನ್ನೂ ಮೊಳಗುತ್ತಿರುವಾಗಲೇ, ತನಗೆ ನಟನೆಯ ಮರ್ಮವು ತಿಳಿದಿಲ್ಲವೆಂದು ನಿಶ್ಚಯಿಸಿ ಓನಾಮದಿಂದ ಅಭ್ಯಾಸಕ್ಕೆ ತೊಡಗಿದವನು ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್ಸ್ಕಿ. ಇಂದು ಜಗತ್ತಿನ ನಾಟಕಶಾಲೆಗಳಲ್ಲೆಲ್ಲ ಆತನ ಹೆಸರು ಕೇಳಿಬರುವುದಾದರೂ ಆತನ ಜೀವಿತವನ್ನು ಅರಿತವರು ಕಡಮೆ.

ಆತನು 1863ರಲ್ಲಿ ಮಾಸ್ಕೋ ನಗರದ ಶ್ರೀಮಂತ ವರ್ತಕ ಮನೆತನದಲ್ಲಿ ಜನಿಸಿದನು. ಮನೆತನದ ಹೆಸರು ಅಲೆಕ್ಸೇಯೆವ್; ವೃತ್ತಿಯು ಚಿನ್ನ ಬೆಳ್ಳಿಯ ಜರತಾರಿ ಎಳೆಗಳನ್ನು ತೆಗೆಯುವ ಕಾರ್ಖಾನೆ. ಗೌರವಸ್ಥ ವರ್ತಕನ ಮಗನು ಮುಖಕ್ಕೆ ಬಣ್ಣ ಹಚ್ಚುವುದು ಅಲ್ಲಿಯೂ ಮರ್ಯಾದೆಗೆ ಕುಂದೆನಿಸಿದ್ದಿತು. ಆದುದರಿಂದಲೇ ಆತನು ಸ್ಟಾನಿಸ್ಲಾವ್ಸ್ಕಿ ಎಂಬ ಬೇರೊಂದು ಹೆಸರನ್ನು ಧರಿಸಿದನು. ಹಗಲು ಕಾರ್ಖಾನೆಯ ಆಡಳಿತ, ರಾತ್ರಿ ಹವ್ಯಾಸಿ ಮಂಡಲಿಯ ನಾಟಕ, ಹೀಗೆ ಎರಡು ಬಾಳುಗಳನ್ನು ಒಟ್ಟಿಗೆ ಸಾಗಿಸಿದನು.

1890ರಲ್ಲಿ ಜರ್ಮನಿಯ ಮೈನಿಂಗೆನ್ ಸಂಸ್ಥಾನದ ನಾಟಕ ಮಂಡಲಿಯು ಮಾಸ್ಕೋಗೆ ಬಂದಿತು. ಅದರ ನಿರ್ದೇಶಕನು ದಂಡನಾಯಕನು ಸೈನ್ಯವನ್ನು ನಡೆಸುವಂತೆ ನಟರನ್ನು ನಡೆಸುತ್ತಿದ್ದನು. ಸ್ಟಾನಿಸ್ಲಾವ್ಸ್ಕಿಯು ಅದಕ್ಕೆ ಮಾರುಹೋಗಿ ತಾನೂ ಹಾಗೆಯೇ ದರ್ಪದಿಂದ ನಡೆದುಕೊಂಡನು. ಆ ಅನುಕರಣೆಯ ಕೇಡನ್ನು ಅನಂತರ ತಾನೇ ಬರೆದಿಟ್ಟಿದ್ದಾನೆ.

1897ರ ಜೂನ್ ತಿಂಗಳಲ್ಲಿ ನಾಟಕಕರ್ತನೂ ನಟಶಿಕ್ಷಕನೂ ಆದ ನೆಮಿರೋವಿಚ್ ದಾಂಚೆಂಕೊ ಎಂಬುವನೊಡನೆ ಒಂದು ಭೋಜನಶಾಲೆಯಲ್ಲಿ ಮಾತಿಗೆ ಕುಳಿತನು. ಮಧ್ಯಾಹ್ನ 2 ಗಂಟೆಗೆ ಮೊದಲಾದ ಮಾತು ಮರುದಿನ ಬೆಳಿಗ್ಗೆ 8 ಗಂಟೆಗೆ ಮುಗಿಯಿತು. ಆ 18 ಗಂಟೆಗಳ ಫಲವೇ ಮಾಸ್ಕೋ ಕಲಾ ರಂಗಮಂದಿರ. ನಾಟಕದ ಆಯ್ಕೆಯಲ್ಲಿ ದಾಂಚೆಂಕೊನದು ಕೊನೆಯ ಮಾತು, ಪ್ರಯೋಗದಲ್ಲಿ ಸ್ಟಾನಿಸ್ಲಾವ್ಸ್ಕಿಯದು ಎಂದು ನಿಯಮವಾಯಿತು. ಒಂದು ರಾತ್ರಿ ನಾಯಕನಾದವನು ಮತ್ತೊಂದು ರಾತ್ರಿ ಮಾತಿಲ್ಲದ ಪಾತ್ರವನ್ನೂ ಧರಿಸತಕ್ಕದ್ದು. ನಮ್ಮ ಕಂಪೆನಿ ನಾಟಕಗಳಲ್ಲಿ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದೊಡನೆ ಸತ್ತು ಬಿದ್ದ ವೀರನು ಎದ್ದು ಮತ್ತೆ ಹಾಡುತ್ತಿದ್ದುದನ್ನು ಬಲ್ಲ ವಾಚಕರಿಗೆ ಈ ಕಟ್ಟುನಿಟ್ಟಿನ ಬೆಲೆಯು ಬೇಗನೆ ತಿಳಿದೀತು.

1898ರ ಬೇಸಗೆಯಲ್ಲಿ ಊರ ಹೊರಗೆ ಪುಷ್ಕಿನೊ ಎಂಬಲ್ಲಿ ಒಂದು ಕೊಟ್ಟಿಗೆಯೊಳಗೆ ಅಭ್ಯಾಸವು ನಡೆಯಿತು. ಅಕ್ಟೋಬರಿನಲ್ಲಿ ಮಂದಿರವು ತೆರೆಯಿತು. ಮೊದಲ ನಾಟಕವು ಗೆದ್ದಿತಾದರೂ ಅನಂತರದವು ಸೋತು ಬೊಕ್ಕಸವು ಬರಿದಾಯಿತು. ಉಳಿದ ಭರವಸೆಯೆಂದರೆ ಚೆಕಾವನ ‘ಸಮುದ್ರಪಕ್ಷಿ’. ಎರಡು ವರ್ಷಗಳ ಹಿಂದೆ ರಾಜಧಾನಿಯಲ್ಲಿ ಅಪಹಾಸ್ಯಕ್ಕೆ ಗುರಿಯಾಗಿದ್ದ ನಾಟಕವದು. ಡಿಸೆಂಬರ್ 17ರಂದು ಮೊದಲನೆಯ ಅಂಕದ ತೆರೆ ಬಿದ್ದಾಗ ಸಭೆಯು ಸ್ತಬ್ಧವಾಗಿದ್ದಿತು. ನಟರು ಕೆಟ್ಟೆವೆಂದೇ ಬಗೆದರು. ಒಡನೆಯೇ ಜಯಘೋಷವು ಎದ್ದಿತು. ಆ ನಾಟಕದಲ್ಲಿ ಪ್ರೌಢ ಲೇಖಕನ ಪಾತ್ರವನ್ನು ಸ್ಟಾನಿಸ್ಲಾವ್ಸ್ಕಿಯೂ, ಅತೃಪ್ತ ತರುಣ ಕವಿಯ ಪಾತ್ರವನ್ನು ಮೇಯರ್‌ಹೋಲ್ಡ್ ಎಂಬುವನೂ ವಹಿಸಿದ್ದರು. ಈ ಎರಡನೆಯವನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಮಂಡಲಿಯು 1906ರಲ್ಲಿ ಜರ್ಮನಿ ಮೊದಲಾದೆಡೆಗಳಲ್ಲಿ ಸಂಚರಿಸಿ ದಿಗ್ವಿಜಯವನ್ನು ಪಡೆದು ಮರಳಿತು. ಆ ಬೇಸಗೆಯಲ್ಲಿ ಫಿನ್‌ಲೆಂಡಿನ ಕಡಲತೀರದಲ್ಲಿ ಕುಳಿತು ಸ್ಟಾನಿಸ್ಲಾವ್ಸ್ಕಿಯು ತನ್ನನ್ನೇ ಪರೀಕ್ಷಿಸಿಕೊಂಡನು. ಮೊದಲು ಅಂತರಂಗದಿಂದ ಹುಟ್ಟಿದ್ದ ಪಾತ್ರಗಳು ಈಗ ಕೈಕಾಲುಗಳ ರೂಢಿಯಾಗಿ ಮಾತ್ರ ಉಳಿದಿದ್ದವು. ಭಾವವು ಹಾರಿಹೋಗಿ ಅದರ ಸಿಪ್ಪೆಯು ನಿಂತಿದ್ದಿತು. ಮುಂದಿನ 30 ವರ್ಷಗಳ ಶೋಧನೆಯು ಇಲ್ಲಿಂದ ಆರಂಭವಾಯಿತು. ಭಾವವನ್ನು ಬಲವಂತದಿಂದ ಎಳೆತಂದರೆ ಅದು ಬಾರದು. ಈ ಸನ್ನಿವೇಶದಲ್ಲಿ ತಾನಿದ್ದಿದ್ದರೆ ಏನು ಮಾಡುತ್ತಿದ್ದೆನೆಂದು ನಟನು ಕೇಳಿಕೊಳ್ಳಬೇಕು, ಮೈಯ ಬಿಗಿತವನ್ನು ಸಡಿಲಿಸಬೇಕು, ಮನಸ್ಸನ್ನು ಏಕಾಗ್ರಗೊಳಿಸಬೇಕು, ಮಾಡತಕ್ಕ ಕೆಲಸವನ್ನು ನಿಜವಾಗಿ ಮಾಡಬೇಕು. ಆಗ ಭಾವವು ತಾನಾಗಿ ಹಿಂಬಾಲಿಸುವುದು. ಇದು ಆತನ ಮತದ ತಿರುಳು. ಹಳೆಯ ನಟರು ಇದನ್ನು ಯಜಮಾನನ ಹುಚ್ಚೆಂದು ಎಣಿಸಿದರು. ಆದುದರಿಂದ 1912ರಲ್ಲಿ ತರುಣರಿಗಾಗಿ ಪ್ರತ್ಯೇಕ ಪ್ರಯೋಗಶಾಲೆಯನ್ನು ತೆರೆದನು.

ಕ್ರಾಂತಿಯು ಬಂದು ಕಾರ್ಖಾನೆಯು ಸರ್ಕಾರದ ವಶವಾಯಿತು. ಕೋಟ್ಯಧೀಶನು ಸಂಬಳಗಾರನಾದನು. 1923ರಲ್ಲಿ ಮಂಡಲಿಯೊಡನೆ ಅಮೆರಿಕಕ್ಕೆ ಹೋದನು. ಆತನ ಆತ್ಮಚರಿತ್ರೆಯು ಮೊದಲು ಪ್ರಕಟವಾದುದು ಅಲ್ಲಿಯೇ, 1924ರಲ್ಲಿ, ಇಂಗ್ಲಿಷಿನಲ್ಲಿ. 1928ರ ಅಕ್ಟೋಬರಿನಲ್ಲಿ, ಮಂದಿರದ 30ನೆಯ ವರ್ಷದ ಉತ್ಸವದ ರಾತ್ರಿ, ರಂಗದ ಮೇಲಿರುವಾಗಲೇ ಹೃದಯಾಘಾತವಾಯಿತು. ಆದರೂ ಅಂಕವನ್ನು ಮುಗಿಸಿಯೇ ಒಳಗೆ ಹೋದನು. ಅಲ್ಲಿಗೆ ಬಣ್ಣವು ಮುಗಿಯಿತು. ಉಳಿದ ಹತ್ತು ವರ್ಷ ಹೆಚ್ಚಾಗಿ ಮನೆಯಲ್ಲಿಯೇ ಪಾಠ, ಬರವಣಿಗೆ.

ಇತ್ತ ಮೇಯರ್‌ಹೋಲ್ಡನು 1902ರಲ್ಲಿಯೇ ಗುರುವನ್ನು ತೊರೆದು ಹೋಗಿದ್ದನು. 1905ರಲ್ಲಿ ಸ್ಟಾನಿಸ್ಲಾವ್ಸ್ಕಿಯು ಸ್ವಂತ ಹಣದಿಂದ ಅವನಿಗೊಂದು ಪ್ರಯೋಗಶಾಲೆಯನ್ನು ಕಟ್ಟಿಕೊಟ್ಟು, ಕೆಲಸವು ಮನಸ್ಸಿಗೆ ಬಾರದೆ ಅದನ್ನು ಮುಚ್ಚಿದನು. ಅನಂತರ ಮೇಯರ್‌ಹೋಲ್ಡನ ದಾರಿಯು ಗುರುವಿನ ದಾರಿಗೆ ತೀರ ವಿರುದ್ಧವಾಯಿತು. ಆದರೆ 1938ರ ಜನವರಿಯಲ್ಲಿ ಸ್ಟಾಲಿನನ ಸರ್ಕಾರವು ಮೇಯರ್‌ಹೋಲ್ಡನ ರಂಗಮಂದಿರವನ್ನು ಮುಚ್ಚಿಸಿದಾಗ, ಅವನೊಡನೆ ಕಾಣಿಸಿಕೊಳ್ಳುವುದೇ ಅಪಾಯವಾಗಿದ್ದ ಆ ಕಾಲದಲ್ಲಿ, ಹಾಸಿಗೆ ಹಿಡಿದಿದ್ದ ಮುದುಕನು ಅವನನ್ನು ಕರೆದು ತನ್ನ ಸಂಗೀತ ನಾಟಕ ಮಂದಿರದಲ್ಲಿ ಸಹಾಯಕನನ್ನಾಗಿ ನೇಮಿಸಿಕೊಂಡನು. ಸರ್ಕಾರದ ಮನ್ನಣೆಯೆಲ್ಲ ಸ್ಟಾನಿಸ್ಲಾವ್ಸ್ಕಿಗೆ ಇದ್ದಿತು. ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ನಮ್ಮ ಎಣಿಕೆಯಲ್ಲಿ ಆತನ ಪುಸ್ತಕಗಳೆಲ್ಲಕ್ಕಿಂತ ಈ ಒಂದು ನೇಮಕವು ದೊಡ್ಡದು.

ಆ ನೆರಳು ಹೆಚ್ಚು ದಿನ ಉಳಿಯಲಿಲ್ಲ. ಸ್ಟಾನಿಸ್ಲಾವ್ಸ್ಕಿಯು 1938ರ ಆಗಸ್ಟ್ 7ರಂದು ತೀರಿಕೊಂಡನು. ಮರುವರ್ಷ ಜೂನ್ ತಿಂಗಳಲ್ಲಿ ಮೇಯರ್‌ಹೋಲ್ಡನು ಸೆರೆಯಾದನು. 1940ರ ಫೆಬ್ರವರಿ 2ರಂದು ಅವನನ್ನು ಗುಂಡಿಕ್ಕಿ ಕೊಂದರು. ಆ ತೀರ್ಪು ರದ್ದಾದುದು 1955ರಲ್ಲಿ.